ವೈದ್ಯನೊಬ್ಬನು ಕಡಲ ತಡಿಯಲ್ಲಿ ಕಟ್ಟಿಸಿದ ಮನೆ

(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ಈ ಶುಭಸಂದರ್ಭದಲ್ಲಿ ಯಾರಾದರೊಬ್ಬ ದೊಡ್ಡ ಮನುಷ್ಯನ ಜೀವನವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದ ಹಿರಿಯರು ನಮ್ಮನ್ನು ಕೇಳಿಕೊಂಡರು. ರಾಜರು, ಸೇನಾಪತಿಗಳು, ಸಾಧುಸಂತರು, ಇವರ ಚರಿತ್ರೆಗಳನ್ನು ಮಕ್ಕಳು ಪಾಠಪುಸ್ತಕಗಳಲ್ಲಿ ಓದಿಯೇ ಇರುತ್ತಾರೆ. ಆದುದರಿಂದ ನಾವು ಇಂದು ಒಬ್ಬ ವೈದ್ಯನ ವಿಷಯವನ್ನು ಹೇಳಬೇಕೆಂದಿದ್ದೇವೆ. ಅವನು ವೈದ್ಯನೂ ಹೌದು, ಲೇಖಕನೂ ಹೌದು. ಜೀವನದ ಕೊನೆಗಾಲದಲ್ಲಿ ಅವನು ಕಡಲ ತಡಿಯ ಊರೊಂದರಲ್ಲಿ ಬಿಳಿಯ ಬಣ್ಣದ ಮನೆಯೊಂದನ್ನು ಕಟ್ಟಿಸಿದನು. ಆ ಮನೆಯಲ್ಲಿ ಅವನು ಬಾಳಿದುದು ಐದು ವರ್ಷವೂ ತುಂಬಲಿಲ್ಲ. ಆದರೆ ಆ ಮನೆಗೆ ಕಲ್ಲಿಡುವ ಮೊದಲೇ ಅವನು ಎರಡು ಶಾಲೆಗಳನ್ನು ಕಟ್ಟಿಸಿ ಮುಗಿಸಿದ್ದನು. ಮೂರನೆಯ ಶಾಲೆಯ ಕೆಲಸವು ಆ ಮನೆ ಸಿದ್ಧವಾದ ವರ್ಷವೇ ಪೂರ್ತಿಯಾಯಿತು. ಶಾಲೆಯ ಅಂಗಳದಲ್ಲಿ ನಿಂತು ಮಾತನಾಡುವವರಿಗೆ ಇದಕ್ಕಿಂತ ತಕ್ಕ ವಿಷಯ ಬೇರೆ ಯಾವುದು? ಆ ವೈದ್ಯನ ಹೆಸರು ಆಂಟನ್ ಚೆಕಾಫ್. ಅವನ ದೇಶ ರಷ್ಯ.

ಚೆಕಾಫನು 1860ನೆಯ ಇಸವಿ ಜನವರಿಯಲ್ಲಿ ಅಜೋಫ್ ಸಮುದ್ರದ ತೀರದ ತಗನ್ರೋಗ್ ಎಂಬ ಊರಿನಲ್ಲಿ ಹುಟ್ಟಿದನು. ಅವನ ಅಜ್ಜನು ಒಡೆಯನ ಭೂಮಿಗೆ ಕಟ್ಟುಬಿದ್ದ ಜೀತದಾಳಾಗಿದ್ದನು. ಕಾಸಿಗೆ ಕಾಸು ಕೂಡಿಸಿ, ಒಡೆಯನಿಗೆ ಹಣವನ್ನು ತೆತ್ತು, 1841ರಲ್ಲಿ ತನ್ನನ್ನೂ ತನ್ನ ಮಕ್ಕಳನ್ನೂ ಬಿಡಿಸಿಕೊಂಡನು. ಆ ಅಜ್ಜನ ಮಗನು, ಎಂದರೆ ಚೆಕಾಫನ ತಂದೆಯು, ತಗನ್ರೋಗಿನಲ್ಲಿ ಒಂದು ದಿನಸಿ ಅಂಗಡಿಯನ್ನು ಇಟ್ಟುಕೊಂಡಿದ್ದನು. ಅವನು ದೈವಭಕ್ತ, ಸಂಗೀತಪ್ರಿಯ, ಆದರೆ ಬಹಳ ಕಟ್ಟುನಿಟ್ಟಿನವನು. ಮಕ್ಕಳು ಶಾಲೆ ಬಿಟ್ಟ ಮೇಲೆ ಅಂಗಡಿಯಲ್ಲಿ ಕುಳಿತು ವ್ಯಾಪಾರ ನೋಡಬೇಕು, ಬೆಳಗ್ಗೆ ಬೇಗನೆ ಎದ್ದು ಇಗರ್ಜಿಯಲ್ಲಿ ಹಾಡಬೇಕು, ತಪ್ಪಿದರೆ ಪೆಟ್ಟು ತಿನ್ನಬೇಕು. ಬಾಲ್ಯದ ಸುಖವೆಂಬುದನ್ನು ಚೆಕಾಫನು ಅಷ್ಟಾಗಿ ಕಂಡವನಲ್ಲ.

ಇಲ್ಲಿ ಒಂದು ಸಂಗತಿಯನ್ನು ತಾಯಿತಂದೆಗಳು ಕಿವಿಗೊಟ್ಟು ಕೇಳಬೇಕು. ಆ ಕಾಲದಲ್ಲಿ ತಗನ್ರೋಗಿನ ದೊಡ್ಡ ವ್ಯಾಪಾರವೆಲ್ಲ ಗ್ರೀಕರ ಕೈಯಲ್ಲಿತ್ತು. ತನ್ನ ಹುಡುಗರು ಗ್ರೀಕ್ ಭಾಷೆಯನ್ನು ಕಲಿತರೆ ಗ್ರೀಕರ ಕೋಠಿಯಲ್ಲಿ ಒಳ್ಳೆಯ ಕೆಲಸ ಸಿಕ್ಕೀತೆಂದು ತಂದೆಯು ಎಣಿಸಿದನು. 1867ರಲ್ಲಿ ಆಂಟನನನ್ನೂ ಅವನ ಅಣ್ಣ ನಿಕೊಲಾಯನನ್ನೂ ಗ್ರೀಕರ ಶಾಲೆಗೆ ಸೇರಿಸಿದನು. ಮಕ್ಕಳಿಗೆ ಆ ಭಾಷೆಯ ಗಂಧವೂ ಇರಲಿಲ್ಲ. ಒಂದೇ ಕೋಣೆಯಲ್ಲಿ ಹಲವು ತರಗತಿಗಳು, ಕಲಿಸುವವನು ಒಬ್ಬನೇ. ಒಂದು ವರ್ಷ ಕಳೆಯಿತು. ವರ್ಷದ ಕೊನೆಗೆ ತಂದೆಯು ಪರೀಕ್ಷಿಸಿ ನೋಡಿದರೆ ಮಕ್ಕಳಿಗೆ ಏನೂ ಬಂದಿರಲಿಲ್ಲ. ಮರುವರ್ಷ, 1868ರಲ್ಲಿ, ಆಂಟನನನ್ನು ಊರಿನ ರಷ್ಯನ್ ಪ್ರೌಢಶಾಲೆಯ ಪ್ರವೇಶ ತರಗತಿಗೆ ಸೇರಿಸಿದರು.

ಗ್ರೀಕ್ ಭಾಷೆಯಲ್ಲಿ ದೋಷವಿತ್ತೆಂದು ನಾವು ಹೇಳುತ್ತಿಲ್ಲ. ಅದು ಜಗತ್ತಿನ ಮಹಾಭಾಷೆಗಳಲ್ಲಿ ಒಂದು. ತಂದೆಯ ಮನಸ್ಸಿನಲ್ಲಿಯೂ ದೋಷವಿರಲಿಲ್ಲ. ಮಕ್ಕಳು ಮುಂದೆ ಬರಲೆಂಬುದೇ ಅವನ ಆಸೆ. ಆದರೆ ಅರ್ಥವಾಗದ ಮಾತಿನಲ್ಲಿ ಹೇಳಿದ ಪಾಠ ಬಂಡೆಯ ಮೇಲೆ ಬಿತ್ತಿದ ಬೀಜವಲ್ಲದೆ ಮತ್ತೇನು? ಮುಂದೆ ಇಡೀ ಲೋಕವೇ ಓದುವಂತೆ ಬರೆದ ಕೈಯಿದು. ಅಂಥ ಹುಡುಗನಿಗೂ ಒಂದು ವರ್ಷದ ಕಾಲ ಏನೂ ಬಾರದೆ ಹೋಯಿತು. ಈ ವರ್ಷವೂ ನಮ್ಮ ಶಾಲೆಯಿಂದ ವರ್ಗಾವಣೆ ಪತ್ರವನ್ನು ಕೇಳಲು ಬಂದ ಪೋಷಕರು ಉಂಟು. ಅವರನ್ನು ನಾವು ನಿಂದಿಸುವುದಿಲ್ಲ. ಅವರ ಆಸೆಯೂ ಆ ತಂದೆಯ ಆಸೆಯಂಥದೇ. ಆ ಅಂಗಡಿಕಾರನು ವರ್ಷದ ಕೊನೆಗೆ ಮಕ್ಕಳನ್ನು ಕೂರಿಸಿಕೊಂಡು ಪರೀಕ್ಷಿಸಿ ನೋಡಿದನಲ್ಲ, ಅಷ್ಟನ್ನು ಅವರೂ ಮಾಡಿ ನೋಡಲಿ ಎಂಬುದಷ್ಟೇ ನಮ್ಮ ವಿನಂತಿ.

ವಿದ್ಯಾರ್ಥಿಗಳಿಗೆ ಒಂದು ಸಮಾಧಾನದ ಮಾತನ್ನೂ ಹೇಳಬೇಕು. ರಷ್ಯನ್ ಶಾಲೆಯಲ್ಲಿಯೂ ಚೆಕಾಫನು ಎರಡು ಸಲ ಅನುತ್ತೀರ್ಣನಾದನು. ಮೂರನೆಯ ತರಗತಿಯಲ್ಲಿ ಗಣಿತ ಮತ್ತು ಭೂಗೋಳ ಅವನನ್ನು ಕೆಡವಿದುವು. ಐದನೆಯ ತರಗತಿಯಲ್ಲಿ ಕೆಡವಿದುದು, ನೀವು ನಗಬಹುದು, ಅದೇ ಗ್ರೀಕ್ ಭಾಷೆ! ಪರೀಕ್ಷೆಯಲ್ಲಿ ಒಮ್ಮೆ ಬಿದ್ದವನು ಜೀವನದಲ್ಲಿಯೇ ಬಿದ್ದನೆಂದು ತಿಳಿಯಬಾರದು. ಹಾಗೆಂದು ಬೀಳುವುದನ್ನೇ ಅಭ್ಯಾಸ ಮಾಡಿಕೊಳ್ಳಲೂಬಾರದು.

ಚೆಕಾಫನಿಗೆ ಹದಿನಾರು ವರ್ಷವಾಗಿದ್ದಾಗ ತಂದೆಯ ಅಂಗಡಿ ಮುರಿದುಬಿದ್ದಿತು. ಸಾಲಗಾರರಿಗೆ ಅಂಜಿ ತಂದೆಯು ಮಾಸ್ಕೋ ನಗರಕ್ಕೆ ಓಡಿಹೋದನು. ಮನೆಯವರೂ ಹಿಂದಿನಿಂದ ಹೋದರು. ಹುಡುಗನು ಓದನ್ನು ಮುಗಿಸುವುದಕ್ಕಾಗಿ ಊರಿನಲ್ಲಿಯೇ ಉಳಿದನು. ಚಿಕ್ಕ ಮಕ್ಕಳಿಗೆ ಮನೆಪಾಠ ಹೇಳಿ ತನ್ನ ಹೊಟ್ಟೆಯನ್ನು ಹೊರೆದುಕೊಂಡನು. ಮೂರು ವರ್ಷ ಹೀಗೆ ಕಳೆದುವು. ಆ ದಿನಗಳಲ್ಲಿ ಅವನಿಗೆ ಆಸರೆಯಾದುದು ಊರಿನ ಪುಸ್ತಕಭಂಡಾರ. ಈ ಉಪಕಾರವನ್ನು ಅವನು ಮರೆಯಲಿಲ್ಲ. ಮುಂದೆ ಹೆಸರು ಬಂದಾಗ, ವರ್ಷವರ್ಷವೂ ಪೆಟ್ಟಿಗೆಗಳಲ್ಲಿ ತುಂಬಿಸಿ ಆ ಭಂಡಾರಕ್ಕೆ ಪುಸ್ತಕಗಳನ್ನು ಕಳುಹಿಸುತ್ತಿದ್ದನು.

1879ರಲ್ಲಿ ಅವನು ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರದ ವ್ಯಾಸಂಗಕ್ಕೆ ಸೇರಿದನು. ತಗನ್ರೋಗ್ ನಗರದ ಒಂದು ವಿದ್ಯಾರ್ಥಿವೇತನ ಅವನಿಗೆ ದೊರಕಿತ್ತು. ಮನೆಯಲ್ಲಿ ಬಡತನ, ಉಣ್ಣುವ ಬಾಯಿಗಳು ಬಹಳ. ಅವನು ಹಗಲು ಓದುವನು, ರಾತ್ರಿ ಹಾಸ್ಯಪತ್ರಿಕೆಗಳಿಗೆ ಚಿಕ್ಕ ಚಿಕ್ಕ ಕತೆಗಳನ್ನು ಬರೆದು ಮನೆಯ ಖರ್ಚಿಗೆ ಹಣ ತರುವನು. ಆ ಕತೆಗಳ ಕೆಳಗೆ ಆಂತೋಷ ಚೆಕೊಂತೆ ಎಂಬ ವಿನೋದದ ಹೆಸರು ಇರುತ್ತಿತ್ತು. 1884ರಲ್ಲಿ ಅವನು ವೈದ್ಯನಾದನು. ಅದೇ ವರ್ಷದ ಡಿಸೆಂಬರಿನಲ್ಲಿ ಅವನ ಬಾಯಿಂದ ಮೊದಲ ಸಲ ರಕ್ತ ಬಂದಿತು. ಅವನಿಗೆ ಆಗ 24 ವರ್ಷ. ಅದು ಕ್ಷಯದ ಗುರುತು. ವೈದ್ಯನಿಗೆ ಅದು ತಿಳಿಯದೆ ಇರಲು ಸಾಧ್ಯವಿರಲಿಲ್ಲ. ಆದರೂ ಅವನು ಮನೆಯವರಿಗೆ ಹೇಳಲಿಲ್ಲ, ಬಹುಕಾಲ ಯಾರ ಕೈಯಲ್ಲಿಯೂ ಪರೀಕ್ಷೆ ಮಾಡಿಸಿಕೊಳ್ಳಲಿಲ್ಲ. ಕ್ಷಯದ ರೋಗಾಣುವನ್ನು ಜರ್ಮನಿಯ ಕಾಖ್ ಎಂಬ ವಿಜ್ಞಾನಿಯು 1882ರಲ್ಲಿ ಕಂಡುಹಿಡಿದಿದ್ದನು. ಆದರೆ ಅದನ್ನು ಕೊಲ್ಲುವ ಮದ್ದು ಆಗ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ದೊರಕಿದುದು 1943ರಲ್ಲಿ. ಇಂದು ಕೆಲವು ತಿಂಗಳು ತಪ್ಪದೆ ಮದ್ದು ತೆಗೆದುಕೊಂಡರೆ ಗುಣವಾಗುವ ರೋಗ ಅಂದು ಮೆಲ್ಲಮೆಲ್ಲನೆ ಮನುಷ್ಯನನ್ನು ತಿನ್ನುತ್ತಿತ್ತು.

ಅಂದಿನಿಂದ ಇಪ್ಪತ್ತು ವರ್ಷ ಅವನು ಬದುಕಿದನು. ಆ ಇಪ್ಪತ್ತು ವರ್ಷಗಳನ್ನು ಅವನು ಹೇಗೆ ಕಳೆದನೆಂಬುದೇ ನಮ್ಮ ಇಂದಿನ ವಿಷಯ.

ಅವನು ಬರೆದನು. ಕತೆಗಳು ಕ್ರಮೇಣ ಗಂಭೀರವಾದುವು. 1888ರಲ್ಲಿ ಪುಷ್ಕಿನ್ ಪ್ರಶಸ್ತಿ ಬಂದಿತು. 1886ರಲ್ಲಿ ಬರೆದ "ವಾಂಕ" ಎಂಬ ಕತೆಯೊಂದನ್ನು ಮಕ್ಕಳು ತಪ್ಪದೆ ಓದಬೇಕು. ಒಂಬತ್ತು ವರ್ಷದ ಅನಾಥ ಬಾಲಕನನ್ನು ಹಳ್ಳಿಯಿಂದ ಮಾಸ್ಕೋಗೆ ತಂದು ಚಮ್ಮಾರನ ಬಳಿ ಕೆಲಸಕ್ಕೆ ಇಟ್ಟಿರುತ್ತಾರೆ. ಹಸಿವು, ಪೆಟ್ಟು, ನಿದ್ರೆಯಿಲ್ಲದ ರಾತ್ರಿಗಳು. ಹಬ್ಬದ ಹಿಂದಿನ ರಾತ್ರಿ ಎಲ್ಲರೂ ಹೊರಗೆ ಹೋದಾಗ ಅವನು ಅಜ್ಜನಿಗೆ ಕಾಗದ ಬರೆಯುತ್ತಾನೆ: ಬಂದು ತನ್ನನ್ನು ಕರೆದುಕೊಂಡು ಹೋಗಬೇಕೆಂದು ಬೇಡಿಕೊಳ್ಳುತ್ತಾನೆ. ಬರೆದು ಮುಗಿಸಿ ಮೇಲೆ ಅಜ್ಜನ ಹೆಸರನ್ನು ಬರೆದು, ಊರ ಹೆಸರನ್ನೇ ಬರೆಯದೆ, ಅಂಚೆಯ ಡಬ್ಬಿಗೆ ಹಾಕಿ, ಆಸೆಯಿಂದ ನಿದ್ದೆಹೋಗುತ್ತಾನೆ. ಇಷ್ಟೇ ಕತೆ. ಆ ಕಾಗದ ಎಂದೂ ತಲಪದೆಂಬುದು ಓದುವವನಿಗೆ ಗೊತ್ತು, ಹುಡುಗನಿಗೆ ಗೊತ್ತಿಲ್ಲ. ಅಂಗಡಿಯ ಚಳಿಯಲ್ಲಿ ಕುಳಿತು ಬೆಳೆದ ಬಾಲಕನೇ ಹೀಗೆ ಬರೆಯಬಲ್ಲನು.

ಬರೆಯುವುದರ ಜೊತೆಗೆ ಅವನು ವೈದ್ಯನಾಗಿಯೂ ದುಡಿದನು. 1890ರಲ್ಲಿ ಅವನು ಸಖಾಲಿನ್ ದ್ವೀಪಕ್ಕೆ ಹೊರಟನು. ರಷ್ಯದ ಮೂಡಣ ತುದಿಯಲ್ಲಿರುವ ಆ ದ್ವೀಪಕ್ಕೆ ಆಗ ಕೈದಿಗಳನ್ನು ಗಡೀಪಾರು ಮಾಡುತ್ತಿದ್ದರು. ಸೈಬೀರಿಯದ ರೈಲುದಾರಿ ಆಗ ಇನ್ನೂ ಇರಲಿಲ್ಲ. ಕುದುರೆಗಾಡಿಯಲ್ಲಿ, ಕೆಸರಿನಲ್ಲಿ, ಉಕ್ಕಿ ಹರಿಯುವ ಹೊಳೆಗಳನ್ನು ದಾಟುತ್ತ, ಏಪ್ರಿಲಿನಲ್ಲಿ ಹೊರಟವನು ಜುಲೈ ತಿಂಗಳಿನಲ್ಲಿ ಅಲ್ಲಿಗೆ ತಲಪಿದನು. ರಕ್ತ ಕಾರುವ ಎದೆಯವನಿಗೆ ಇದು ಎಂಥ ಪ್ರಯಾಣವೆಂಬುದನ್ನು ಊಹಿಸಿಕೊಳ್ಳಿ. ಅಲ್ಲಿ ಮೂರು ತಿಂಗಳು ಇದ್ದು, ಮನೆಮನೆಗೂ ಹೋಗಿ, ಕೈದಿಗಳ ಮತ್ತು ನೆಲಸಿಗರ ವಿವರಗಳನ್ನು ಸುಮಾರು 10,000 ಚೀಟಿಗಳಲ್ಲಿ ಬರೆದುಕೊಂಡನು. ಮಕ್ಕಳ ದುರವಸ್ಥೆಯನ್ನು ಕಂಡು ಮರುಗಿ, ಹಿಂದಿರುಗಿದ ಮೇಲೆ ಅಲ್ಲಿಯ ಶಾಲೆಗಳಿಗೆ ಪುಸ್ತಕಗಳನ್ನು ಕಳುಹಿಸಿದನು. ತಾನು ಕಂಡುದೆಲ್ಲವನ್ನೂ ಬರೆದು 1895ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು.

ಹಿಂದಿರುಗುವಾಗ ಅವನು ಹಡಗಿನಲ್ಲಿ ನಮ್ಮ ಹಿಂದೂ ಮಹಾಸಾಗರದ ಮೂಲಕವೇ ಬಂದನು. ಹಾಂಗ್‌ಕಾಂಗ್, ಸಿಂಗಾಪುರಗಳನ್ನು ದಾಟಿ ಸಿಂಹಳದಲ್ಲಿ ಇಳಿದನು. ತೆಂಗಿನ ತೋಪುಗಳಿಂದ ತುಂಬಿದ ಆ ನಾಡು ಅವನಿಗೆ ಸ್ವರ್ಗದಂತೆ ಕಂಡಿತು. ಅಲ್ಲಿಂದ ಅವನು ಮಾಸ್ಕೋಗೆ ಏನನ್ನು ಕೊಂಡುಹೋದನು ಗೊತ್ತೆ? ನಮ್ಮ ಹಿತ್ತಿಲುಗಳಲ್ಲಿ ಓಡಾಡುವ ಮುಂಗುಸಿ! ಅದು ಮನೆಯ ಪಿಂಗಾಣಿ ಪಾತ್ರೆಗಳನ್ನು ಒಡೆದು, ಬಂದವರ ಜೇಬುಗಳಲ್ಲಿ ಮೂತಿಯಿಟ್ಟು, ಎಲ್ಲರನ್ನೂ ನಗಿಸಿತು. ಕೊನೆಗೆ ಅದನ್ನು ಮಾಸ್ಕೋದ ಮೃಗಾಲಯಕ್ಕೆ ಒಪ್ಪಿಸಬೇಕಾಯಿತು.

1892ರಲ್ಲಿ ಚೆಕಾಫನು ಮಾಸ್ಕೋದ ದಕ್ಷಿಣಕ್ಕಿರುವ ಮೆಲಿಖೊವೊ ಎಂಬ ಹಳ್ಳಿಯಲ್ಲಿ ಜಮೀನನ್ನು ಕೊಂಡು ತಾಯಿ ತಂದೆ ತಂಗಿಯರೊಡನೆ ನೆಲಸಿದನು. ಜೀತದಾಳಿನ ಮೊಮ್ಮಗನು ಭೂಮಿಯ ಒಡೆಯನಾದನು. ಆ ವರ್ಷವೇ ಕಾಲರಾ ಜಾಡ್ಯ ಹರಡತೊಡಗಿತು. ಸ್ಥಳೀಯ ಮಂಡಳಿಯವರು ವೈದ್ಯರಿಲ್ಲದೆ ಕಂಗೆಟ್ಟಿದ್ದರು. ಚೆಕಾಫನು ಸಂಬಳವಿಲ್ಲದೆ ಆ ಭಾರವನ್ನು ಹೊತ್ತುಕೊಂಡನು. ಅವನ ಪಾಲಿಗೆ ಬಂದುದು 25 ಹಳ್ಳಿಗಳು, 4 ಕಾರ್ಖಾನೆಗಳು, 1 ಮಠ. ಬರೆಯುವ ಕೆಲಸ ನಿಂತುಹೋಯಿತು. ಗಾಡಿಯಲ್ಲಿ ಹಳ್ಳಿಯಿಂದ ಹಳ್ಳಿಗೆ ಹೋಗುವುದು, ರೋಗಿಗಳಿಗೆ ಕೊಟ್ಟಿಗೆ ಗುಡಿಸಲುಗಳನ್ನು ಹೊಂದಿಸುವುದು, ಶುಚಿತ್ವವನ್ನು ಬೋಧಿಸುವುದು, ಹಣವಂತರ ಬಾಗಿಲಿಗೆ ಹೋಗಿ ಸುಣ್ಣಕ್ಕೂ ಮದ್ದಿಗೂ ಬೇಡುವುದು, ಇದೇ ಅವನ ದಿನಚರಿಯಾಯಿತು.

ಹೀಗೆ ತಿರುಗಾಡುವಾಗ ಅವನು ಹಳ್ಳಿಯ ಶಾಲೆಗಳನ್ನು ಕಂಡನು. ಬೆಳಕಿಲ್ಲದ ಕೋಣೆಗಳು, ಸೋರುವ ಮಾಡುಗಳು, ಅರೆಹೊಟ್ಟೆಯ ಉಪಾಧ್ಯಾಯರು. ತಲೆಜ್ ಎಂಬ ಹಳ್ಳಿಗೆ ಹೊಸ ಶಾಲೆ ಬೇಕೆಂದು ಅವನಿಗೆ ತೋರಿತು. ಮಂಡಳಿಯವರು ಸ್ವಲ್ಪ ಕೊಟ್ಟರು, ರೈತರು ಸ್ವಲ್ಪ ಕೂಡಿಸಿದರು, ಉಳಿದುದನ್ನು ಚೆಕಾಫನೇ ಹಾಕಿದನು. ನಕ್ಷೆಯನ್ನು ಅವನೇ ನೋಡಿದನು, ಮರಮುಟ್ಟುಗಳನ್ನು ತರಿಸಿದನು, ಬಡಗಿಗಳ ಹತ್ತಿರ ನಿಂತು ಕೆಲಸ ಮಾಡಿಸಿದನು. 1896ನೆಯ ಆಗಸ್ಟಿನಲ್ಲಿ ಶಾಲೆಯ ಬಾಗಿಲು ತೆರೆಯಿತು. ಆ ದಿನ ನಾಲ್ಕು ಹಳ್ಳಿಗಳ ರೈತರು ಬಂದು ಅವನಿಗೆ ನಾಲ್ಕು ರೊಟ್ಟಿಗಳನ್ನೂ ಒಂದು ದೇವರ ಪಟವನ್ನೂ ಎರಡು ಬೆಳ್ಳಿಯ ಉಪ್ಪಿನ ಬಟ್ಟಲುಗಳನ್ನೂ ಕಾಣಿಕೆಯಿತ್ತರು. ಅವರಲ್ಲಿ ಒಬ್ಬನು ಎದ್ದು ಭಾಷಣವನ್ನೂ ಮಾಡಿದನು. ತನ್ನ ದಿನಚರಿಯ ಪುಸ್ತಕದಲ್ಲಿ ಚೆಕಾಫನು ಈ ಕಾಣಿಕೆಗಳನ್ನು ಎಣಿಸಿ ಬರೆದಿಟ್ಟಿದ್ದಾನೆ. ತನ್ನ ಶ್ರಮದ ವಿಷಯವಾಗಿ ಅಲ್ಲಿ ಒಂದಕ್ಷರವನ್ನೂ ಬರೆಯಲಿಲ್ಲ.

1897ರಲ್ಲಿ ನೊವೊಸೆಲ್ಕಿ ಎಂಬಲ್ಲಿ ಎರಡನೆಯ ಶಾಲೆ ಎದ್ದಿತು. ಆದರೆ ಅದೇ ವರ್ಷದ ಮಾರ್ಚಿಯಲ್ಲಿ, ಮಾಸ್ಕೋದ ಭೋಜನಶಾಲೆಯೊಂದರಲ್ಲಿ ಮಿತ್ರನೊಡನೆ ಊಟಕ್ಕೆ ಕುಳಿತಿದ್ದಾಗ, ಅವನ ಬಾಯಿಂದ ರಕ್ತ ಧಾರೆಧಾರೆಯಾಗಿ ಹರಿಯಿತು. ಆಸ್ಪತ್ರೆಗೆ ಸೇರಿಸಿದರು. ಹನ್ನೆರಡು ವರ್ಷ ಮುಚ್ಚಿಟ್ಟ ಮಾತನ್ನು ಬೇರೆ ವೈದ್ಯರು ಈಗ ಬಾಯಿಬಿಟ್ಟು ಹೇಳಿದರು: ಕ್ಷಯ, ಎರಡು ಶ್ವಾಸಕೋಶಗಳಲ್ಲಿಯೂ. ಉತ್ತರದ ಚಳಿಯನ್ನು ಬಿಟ್ಟು ದಕ್ಷಿಣದ ಬೆಚ್ಚನೆಯ ತೀರಕ್ಕೆ ಹೋಗಬೇಕೆಂದು ಆಜ್ಞೆಯಾಯಿತು.

ಇನ್ನು ಆ ಮನೆಯ ಕತೆ. ಕಪ್ಪು ಸಮುದ್ರದ ಉತ್ತರದಲ್ಲಿ ಕ್ರಿಮಿಯ ಎಂಬ ಪರ್ಯಾಯದ್ವೀಪವಿದೆ. ಅದರ ದಕ್ಷಿಣ ತೀರದಲ್ಲಿ ಬೆಟ್ಟಗಳ ಮಡಿಲಲ್ಲಿ ಯಾಲ್ಟಾ ಎಂಬ ಊರು. ಬೆಟ್ಟಗಳು ಉತ್ತರದ ಗಾಳಿಯನ್ನು ತಡೆಯುವುದರಿಂದ ಅಲ್ಲಿ ಚಳಿ ಕಡಿಮೆ. ಕ್ಷಯರೋಗಿಗಳು ರಷ್ಯದ ಮೂಲೆಮೂಲೆಗಳಿಂದ ಅಲ್ಲಿಗೆ ಬರುತ್ತಿದ್ದರು. 1898ರ ಅಕ್ಟೋಬರಿನಲ್ಲಿ ಚೆಕಾಫನು ಯಾಲ್ಟಾದಲ್ಲಿದ್ದಾಗ ತಂದೆ ತೀರಿಕೊಂಡ ಸುದ್ದಿ ಬಂದಿತು. ತಂದೆಯಿಲ್ಲದ ಮೆಲಿಖೊವೊದಲ್ಲಿ ತಾಯಿಯು ಇನ್ನು ಇರಲಾರಳೆಂದು ಅವನು ತಿಳಿದನು. ಅದೇ ತಿಂಗಳು ಊರ ಹೊರಗಿನ ಔತ್ಕ ಎಂಬಲ್ಲಿ 4,000 ರೂಬಲುಗಳಿಗೆ ಒಂದು ನಿವೇಶನವನ್ನು ಕೊಂಡನು. ಅದನ್ನು ಮೊದಲು ನೋಡಿದ ತಂಗಿ ಮರಿಯಾಳಿಗೆ ಬಹಳ ನಿರಾಸೆಯಾಯಿತು. ಕಾಡುಗಿಡ ಬೆಳೆದ ಇಳಿಜಾರು, ಪಕ್ಕದಲ್ಲಿ ತಾತಾರರ ಸ್ಮಶಾನ. ಆದರೆ ಅಲ್ಲಿಂದ ಊರೂ ಕಡಲೂ ಕಾಣುತ್ತಿದ್ದುವು. ಅಣ್ಣನಿಗೆ ಅಷ್ಟು ಸಾಕಾಗಿತ್ತು.

ಮನೆ ಕಟ್ಟಿಸುವುದಕ್ಕೆ ಹಣ ಬೇಕಲ್ಲವೆ? 1899ರ ಜನವರಿಯಲ್ಲಿ ಅವನು ತಾನು ಬರೆದ ಮತ್ತು ಮುಂದೆ ಬರೆಯುವ ಎಲ್ಲ ಕೃತಿಗಳ ಪ್ರಕಾಶನದ ಹಕ್ಕನ್ನು ಮಾರ್ಕ್ಸ್ ಎಂಬ ಪ್ರಕಾಶಕನಿಗೆ 75,000 ರೂಬಲುಗಳಿಗೆ ಮಾರಿದನು. ನಾಟಕಗಳ ಪ್ರದರ್ಶನದಿಂದ ಬರುವ ಹಣವೊಂದನ್ನೇ ತನಗೆ ಉಳಿಸಿಕೊಂಡನು. ಪ್ರಕಾಶಕನಿಗೆ ಇದರಿಂದ ಆದ ಲಾಭ ಅಪಾರ. ಈ ಕರಾರನ್ನು ಮುರಿಯಿಸಬೇಕೆಂದು ಅವನ ಸ್ನೇಹಿತರು ಮುಂದೆ ಪ್ರಯತ್ನಪಟ್ಟರು. ಚೆಕಾಫನೇ ಅದನ್ನು ತಡೆದನು. ತಾನಾಗಿ ಸಹಿ ಹಾಕಿದ ಕಾಗದ, ಕಡಮೆ ಬೆಲೆಗೆ ಮಾರಿದುದು ತನ್ನದೇ ತಪ್ಪು, ಕೊಟ್ಟ ಮಾತು ಕೊಟ್ಟ ಮಾತೇ ಎಂಬುದು ಅವನ ನಿಲುವು.

ಶಪೊವಾಲೊಫ್ ಎಂಬ ತರುಣ ಶಿಲ್ಪಿಯು ಮನೆಯ ನಕ್ಷೆಯನ್ನು ಮಾಡಿದನು. 1899ರ ಶರತ್ಕಾಲದಲ್ಲಿ, ಇನ್ನೂ ಕೆಲಸ ಪೂರ್ತಿಯಾಗಿ ಮುಗಿಯದಿರುವಾಗಲೇ, ತಾಯಿ ಮಕ್ಕಳು ಅದರಲ್ಲಿ ಒಕ್ಕಲಾದರು. ಬಿಳಿಯ ಗೋಡೆಗಳು, ಒಂದರಂತೆ ಒಂದಿಲ್ಲದ ಕಿಟಕಿಗಳು, ಬರೆಯುವ ಕೋಣೆಗೆ ದೊಡ್ಡದೊಂದು ಕಿಟಕಿ. ಅವನ ಸ್ನೇಹಿತನಾದ ಲೆವಿತಾನನೆಂಬ ಚಿತ್ರಕಾರನು ಅಲ್ಲಿಗೆ ಬಂದಿದ್ದಾಗ, ಉತ್ತರದ ಹೊಲಗಳನ್ನು ನೆನೆದು ಕೊರಗುವ ಗೆಳೆಯನಿಗಾಗಿ, ಬೆಂಕಿಗೂಡಿನ ಮೇಲಣ ಮಾಡದಲ್ಲಿ ಬೆಳುದಿಂಗಳ ಹುಲ್ಲುಮೆದೆಗಳ ಚಿತ್ರವೊಂದನ್ನು ಬರೆದುಕೊಟ್ಟನು. ಅದು ಇಂದಿಗೂ ಆ ಕೋಣೆಯಲ್ಲಿದೆ.

ಮನೆಯ ಗೋಡೆ ಏಳುವ ಮೊದಲೇ ಚೆಕಾಫನು ತೋಟದ ಕೆಲಸವನ್ನು ಹಿಡಿದಿದ್ದನು. ಆ ಬರಡು ಇಳಿಜಾರಿನಲ್ಲಿ ಅವನು ಗುಲಾಬಿ, ಸೈಪ್ರೆಸ್, ದೇವದಾರು, ಬಿದಿರು, ಹಣ್ಣಿನ ಮರಗಳನ್ನು ನೆಟ್ಟನು. ಗುಂಡಿ ತೋಡುವುದು, ಕೊಂಬೆ ಸವರುವುದು, ಬುಡಕ್ಕೆ ನೀರೆರೆಯುವುದು ಅವನಿಗೆ ಬಹು ಪ್ರಿಯವಾದ ಕೆಲಸ. ಕೆಮ್ಮು ಹೆಚ್ಚಾದ ದಿನ ಬೆಂಚಿನ ಮೇಲೆ ಕುಳಿತು ನೋಡುತ್ತಿದ್ದನು. ಎರಡು ನಾಯಿಗಳೂ ಸಾಕಿದ ಕೊಕ್ಕರೆಯಂಥ ಕ್ರೌಂಚಪಕ್ಷಿಗಳೂ ಅವನ ಹಿಂದೆ ಸುತ್ತುತ್ತಿದ್ದುವು. ಸೈಪ್ರೆಸ್ ಮರ ನೆರಳು ಕೊಡುವುದಕ್ಕೆ ಎಷ್ಟು ವರ್ಷ ಬೇಕೆಂಬುದು ಅದನ್ನು ನೆಟ್ಟವನಿಗೆ ಗೊತ್ತು. ತನಗೆ ಎಷ್ಟು ವರ್ಷ ಉಳಿದಿದೆಯೆಂಬುದೂ ವೈದ್ಯನಾದ ಅವನಿಗೆ ಗೊತ್ತು. ಎರಡನ್ನೂ ಬಲ್ಲವನು ನೆಟ್ಟನು. ವಿದ್ಯಾರ್ಥಿಗಳೆ, ಇದನ್ನು ಸ್ವಲ್ಪ ಆಲೋಚಿಸಿ.

ಆ ಮನೆಯಲ್ಲಿ ಅವನು ಸುಖವಾಗಿದ್ದನೆಂದು ಹೇಳಿದರೆ ಸುಳ್ಳಾಗುತ್ತದೆ. ಮಾಸ್ಕೋ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಅವನ ನಾಟಕಗಳು ಅಲ್ಲಿ ಆಡಲ್ಪಡುತ್ತಿದ್ದುವು. 1901ರಲ್ಲಿ ಅವನು ಕೈಹಿಡಿದ ಓಲ್ಗಾ ಕ್ನಿಪ್ಪರ್ ಅಲ್ಲಿಯ ರಂಗಭೂಮಿಯ ನಟಿ, ಆಕೆಯೂ ವರ್ಷದ ಬಹುಭಾಗ ಅಲ್ಲಿಯೇ. ಅವನಿಗೆ ಯಾಲ್ಟಾ ಒಂದು ಗಡೀಪಾರಿನಂತೆ ಇತ್ತು. ಹೀಗಿದ್ದರೂ ಅವನು ಬಾಗಿಲು ಮುಚ್ಚಿ ಕೂರಲಿಲ್ಲ. ಗಾರ್ಕಿ, ಬೂನಿನ್, ಕುಪ್ರಿನ್ ಮೊದಲಾದ ಲೇಖಕರಿಗೆ ಆ ಮನೆ ತವರಿನಂತಾಯಿತು. ಕಾಸಿಲ್ಲದ ಕ್ಷಯರೋಗಿಗಳು ಅವನ ಹೆಸರನ್ನು ಕೇಳಿ ಬರುತ್ತಿದ್ದರು. ಅವರಿಗೆ ತಂಗಲು ಮನೆ ಹುಡುಕಿಸಿ, ಹಣ ಕೂಡಿಸಿ, ಅವರಿಗಾಗಿ ಒಂದು ಆರೋಗ್ಯಧಾಮವಾಗಬೇಕೆಂದು ಪತ್ರಿಕೆಗಳಲ್ಲಿ ವಿಜ್ಞಾಪನೆ ಮಾಡಿದನು. ತನ್ನ ಕೈಯಿಂದಲೂ ಕೊಟ್ಟನು. ರೋಗಿಯೇ ರೋಗಿಗಳ ಶುಶ್ರೂಷೆಗೆ ನಿಂತನು.

ಗಾರ್ಕಿಯು ತನ್ನ ನೆನಪುಗಳಲ್ಲಿ ಬರೆದಿರುವ ಒಂದು ಪ್ರಸಂಗ ನಮ್ಮ ಉಪಾಧ್ಯಾಯರಿಗೆಲ್ಲ ತಿಳಿದಿರಬೇಕು. ಕಡಲ ತೀರದ ಕುಚುಕ್ ಕೊಯ್ ಎಂಬ ಹಳ್ಳಿಯಲ್ಲಿ ಚೆಕಾಫನಿಗೆ ಒಂದು ಪುಟ್ಟ ಜಮೀನಿತ್ತು. ಗಾರ್ಕಿಯನ್ನು ಅಲ್ಲಿಗೆ ಕರೆದುಕೊಂಡು ಹೋದವನು ತನ್ನ ಕನಸನ್ನು ಹೇಳಿಕೊಂಡನಂತೆ: ಹಣವಿದ್ದರೆ ತಾನು ಅಲ್ಲಿ ಕಾಯಿಲೆಬಿದ್ದ ಹಳ್ಳಿಯ ಉಪಾಧ್ಯಾಯರಿಗಾಗಿ ಒಂದು ಆರೋಗ್ಯಧಾಮವನ್ನು ಕಟ್ಟಿಸುವನು. ಅದಕ್ಕೆ ಎತ್ತರದ ಮಾಡು, ದೊಡ್ಡ ಕಿಟಕಿ, ತುಂಬ ಬೆಳಕು ಇರಬೇಕು. ಪುಸ್ತಕಭಂಡಾರ, ಸಂಗೀತದ ವಾದ್ಯಗಳು, ಜೇನುಗೂಡು, ಕಾಯಿಪಲ್ಲೆಯ ಹಿತ್ತಿಲು, ಹಣ್ಣಿನ ತೋಟ ಇರಬೇಕು. ಬೇಸಾಯವನ್ನೂ ಹವಾಮಾನವನ್ನೂ ಕುರಿತು ಅಲ್ಲಿ ಉಪನ್ಯಾಸಗಳಾಗಬೇಕು, ಏಕೆಂದರೆ ಉಪಾಧ್ಯಾಯನು ಎಲ್ಲವನ್ನೂ ತಿಳಿದವನಾಗಿರಬೇಕು. ಹಳ್ಳಿಯ ಉಪಾಧ್ಯಾಯನನ್ನು ಹಸಿವಿನಲ್ಲಿಯೂ ಅವಮಾನದಲ್ಲಿಯೂ ಇಟ್ಟ ದೇಶ ಉದ್ಧಾರವಾಗದೆಂದು ಅವನು ನಂಬಿದ್ದನು. ಆ ಧಾಮ ಕೊನೆಗೂ ಏಳಲಿಲ್ಲ. ಆದರೆ ತನ್ನ ಮನೆಗೆ ಬಂದ ಬಡ ಉಪಾಧ್ಯಾಯನು ನಾಚಿಕೆಯಿಂದ ತಡವರಿಸಿದರೆ, ಅವನ ಶಾಲೆಯ ಮಾತನ್ನೇ ಎತ್ತಿ, ಅವನು ನಿರಾಳವಾಗಿ ಮಾತನಾಡುವಂತೆ ಮಾಡಿ ಕಳುಹಿಸುತ್ತಿದ್ದನು.

"ಮೂವರು ಸೋದರಿಯರು", "ಚೆರಿಯ ತೋಟ" ಎಂಬ ನಾಟಕಗಳನ್ನು ಅವನು ಆ ಬಿಳಿಯ ಮನೆಯಲ್ಲಿದ್ದ ಕಾಲದಲ್ಲಿಯೇ ಬರೆದನು. ಕೊನೆಯ ನಾಟಕವನ್ನು ಬರೆಯುವಾಗ ಶಕ್ತಿ ಉಡುಗಿಹೋಗಿತ್ತು. ದಿನಕ್ಕೆ ಕೆಲವೇ ಸಾಲುಗಳು. ಆ ನಾಟಕದ ಕೊನೆಯಲ್ಲಿ ತೋಟದ ಮರಗಳನ್ನು ಕಡಿಯುವ ಕೊಡಲಿಯ ಸದ್ದು ಕೇಳಿಬರುತ್ತದೆ. ಅದನ್ನು ಬರೆದವನ ಕಿಟಕಿಯ ಹೊರಗೆ ಅವನೇ ನೆಟ್ಟ ಮರಗಳು ಚಿಗುರುತ್ತಿದ್ದುವು. 1904ರ ಜನವರಿಯಲ್ಲಿ ಮಾಸ್ಕೋದಲ್ಲಿ ನಾಟಕದ ಪ್ರಥಮ ಪ್ರದರ್ಶನವಾಯಿತು. ಅದೇ ವರ್ಷ ಜುಲೈ 15ರಂದು, ಚಿಕಿತ್ಸೆಗೆಂದು ಹೋಗಿದ್ದ ಜರ್ಮನಿಯ ಬಾದೆನ್‌ವೈಲರ್ ಎಂಬ ಊರಿನಲ್ಲಿ, ಚೆಕಾಫನು ತೀರಿಕೊಂಡನು. ಅವನಿಗೆ ಆಗ 44 ವರ್ಷ.

ಅವನು ಮೂರು ವರ್ಷ ಮೊದಲೇ, 1901ರಲ್ಲಿ, ತಂಗಿಗೆ ಒಂದು ಕಾಗದವನ್ನು ಬರೆದಿಟ್ಟಿದ್ದನು. ಅದೇ ಅವನ ಮರಣಶಾಸನ. ಯಾಲ್ಟಾದ ಮನೆ ಅವಳ ಜೀವಮಾನದವರೆಗೆ ಅವಳಿಗೆ. ಮನೆಯವರಿಗೆ ಸಲ್ಲಬೇಕಾದುದು ಸಂದ ಮೇಲೆ, ಅವರೆಲ್ಲರ ಕಾಲಾನಂತರ ಉಳಿಯುವುದೆಲ್ಲವೂ ತಗನ್ರೋಗ್ ನಗರಕ್ಕೆ, ಸಾರ್ವಜನಿಕ ವಿದ್ಯಾಭ್ಯಾಸದ ಕೆಲಸಕ್ಕೆ. ಬಡವರಿಗೆ ನೆರವಾಗಬೇಕು, ತಾಯಿಯನ್ನು ನೋಡಿಕೊಳ್ಳಬೇಕು, ಎಲ್ಲರೂ ಕೂಡಿ ಬಾಳಬೇಕು ಎಂದು ಅದರ ಕೊನೆ.

ಮರಿಯಾ ಸ್ವತಃ ಉಪಾಧ್ಯಾಯಿನಿಯಾಗಿದ್ದವಳು. ಆಕೆ ಆ ಮನೆಯ ಒಂದು ಕುರ್ಚಿಯನ್ನೂ ಕದಲಿಸದೆ ಕಾಪಾಡಿದಳು. ಕ್ರಾಂತಿ ಬಂದಿತು, ಅಂತರ್ಯುದ್ಧ ಬಂದಿತು. 1921ರಲ್ಲಿ ಮನೆಯು ಸಾರ್ವಜನಿಕ ಸಂಗ್ರಹಾಲಯವಾಯಿತು. 1941ರಲ್ಲಿ ಜರ್ಮನ್ ಸೈನಿಕರು ಬಂದಾಗ ಆಕೆಗೆ 78 ವರ್ಷ. ಆಗಲೂ ಆಕೆ ಮನೆಯನ್ನು ಬಿಟ್ಟು ಹೋಗಲಿಲ್ಲ. 1957ರ ಜನವರಿಯಲ್ಲಿ ಸಾಯುವವರೆಗೂ, ಎಂದರೆ ಅಣ್ಣನು ಹೋದ ಮೇಲೆ ಐವತ್ತೆರಡು ವರ್ಷಗಳಿಗೂ ಮೀರಿ, ಆಕೆ ಅಲ್ಲಿಯೇ ಇದ್ದಳು.

ಗಡಿನಾಡಿನವರಾದ ನಾವು ಇನ್ನೊಂದು ಮಾತನ್ನು ಗಮನಿಸಬೇಕು. ಆ ಮನೆ ಎಂದೂ ಕದಲಲಿಲ್ಲ. ಅದರ ಸುತ್ತಣ ಗಡಿಗಳು ಮಾತ್ರ ಕದಲಿದುವು. ರಷ್ಯದ ಚಕ್ರವರ್ತಿಯ ರಾಜ್ಯದಲ್ಲಿ ಕಟ್ಟಿದ ಮನೆ ಸೋವಿಯತ್ ರಷ್ಯಕ್ಕೆ ಸೇರಿತು. 1954ರಲ್ಲಿ ಕ್ರಿಮಿಯವನ್ನು ಯುಕ್ರೇನಿಗೆ ಕೊಟ್ಟರು. 1991ರಲ್ಲಿ ಯುಕ್ರೇನ್ ಸ್ವತಂತ್ರವಾಯಿತು. 2014ರಲ್ಲಿ ರಷ್ಯವು ಅದನ್ನು ತನ್ನ ವಶಕ್ಕೆ ತೆಗೆದುಕೊಂಡಿತು, ವಿಶ್ವಸಂಸ್ಥೆಯ ಮಹಾಸಭೆ ಅದನ್ನು ಮಾನ್ಯ ಮಾಡಲಿಲ್ಲ. ಚೆಕಾಫನ ನೆರೆಹೊರೆಯ ತಾತಾರ ಜನಾಂಗವನ್ನಂತೂ 1944ರಲ್ಲಿ ಆ ನಾಡಿನಿಂದಲೇ ಹೊರಡಿಸಿಬಿಟ್ಟರು. ಗಡಿಯ ಗೆರೆಗಳನ್ನು ಎಳೆಯುವವರು ಅಲ್ಲಿ ವಾಸಿಸುವವರನ್ನು ಕೇಳುವುದು ಅಪರೂಪ. 1956ರಲ್ಲಿ ನಮ್ಮ ಕಾಸರಗೋಡಿನ ಹಿರಿಯರೂ ಮಲಗಿದ್ದ ಮನೆಯಲ್ಲಿಯೇ ಎದ್ದರು, ರಾಜ್ಯ ಮಾತ್ರ ಬೇರೆಯಾಗಿತ್ತು. ಅಂಥ ಕಾಲದಲ್ಲಿ ಜನರ ಕೈಯಲ್ಲಿ ಉಳಿಯುವುದು ಯಾವುದು? ಅವರು ಕಟ್ಟಿಕೊಂಡ ಶಾಲೆ, ಕೂಡಿಸಿಟ್ಟ ಪುಸ್ತಕ, ನೆಟ್ಟ ಮರ, ಮಕ್ಕಳ ಬಾಯಲ್ಲಿರುವ ಮಾತು.

ನಮ್ಮ ಈ ಶಾಲೆಯನ್ನೂ ಯಾವ ಚಕ್ರವರ್ತಿಯೂ ಕಟ್ಟಿಸಲಿಲ್ಲ. ಕೆಲವರು ಕಲ್ಲು ಕೊಟ್ಟರು, ಕೆಲವರು ಮರ ಕೊಟ್ಟರು, ಏನೂ ಇಲ್ಲದವರು ಮಣ್ಣು ಹೊತ್ತರು. ತಲೆಜಿನ ರೈತರಿಗೂ ಅವರಿಗೂ ಏನು ಭೇದ? ಅವರಲ್ಲಿ ಹಲವರು ಇಂದು ನಮ್ಮೊಡನಿಲ್ಲ. ತಾವು ನೆಟ್ಟುದರ ನೆರಳಿನಲ್ಲಿ ಅವರು ಕುಳಿತುಕೊಳ್ಳಲಿಲ್ಲ. ಕುಳಿತಿರುವವರು ನೀವು.

ವಿದ್ಯಾರ್ಥಿಗಳೆ, ನಿಮ್ಮಲ್ಲಿ ಯಾರು ವೈದ್ಯರಾಗುವಿರೋ, ಯಾರು ಲೇಖಕರಾಗುವಿರೋ ನಾವು ಅರಿಯೆವು. ಕಡಲ ತಡಿಯಲ್ಲಿ ಚೆಲುವಾದ ಮನೆಗಳನ್ನು ನೀವೂ ಕಟ್ಟಿಸಿರಿ, ಬೇಡವೆನ್ನುವುದಿಲ್ಲ. ಆದರೆ ಅದಕ್ಕೆ ಮುನ್ನ, ನೀವು ಓದಿದ ಶಾಲೆಯ ಮಾಡು ಸೋರುತ್ತಿದೆಯೆ, ಅದರ ಪುಸ್ತಕದ ಕಪಾಟು ತುಂಬಿದೆಯೆ, ಎಂದು ಒಮ್ಮೆ ಬಂದು ನೋಡಿರಿ. ಕೈಯಲ್ಲಿ ಕಾಲವಿಲ್ಲದ ಮನುಷ್ಯನೊಬ್ಬನು ಅಷ್ಟನ್ನು ಮಾಡಿದನು. ನಿಮ್ಮ ಕೈಯಲ್ಲಿ ಕಾಲ ಬೇಕಾದಷ್ಟಿದೆ.